ಬಿಳಿ ಸೀರೆಯಲ್ಲಿ ಚೀನಾ ಸಿನಿಮಾ

ಟಾಕೀಸಿನ ಬಾಗಿಲಲ್ಲಿ ರುದ್ರಮ್ಮ ಚಪ್ಪಲಿ ಬಿಟ್ಟಳು. ಹಿಂದಿದ್ದ ಹನ್ನೊಂದು ಹೆಂಗಸರೂ ಬಿಟ್ಟರು. ಎಲ್ಲರೂ ಬೌದ್ಧರು ಪೂಜೆಗೆ ಉಡುವ ಬಿಳಿ ಸೀರೆಯಲ್ಲೇ ಬಂದಿದ್ದರು.

ಟಿಕೆಟ್ ಹರಿಯುವವನು ನಕ್ಕ. "ದೇವಸ್ಥಾನ ಅಂದ್ಕಂಡ್ರಾ ಅಜ್ಜಿ? ಹಾಕ್ಕೊಂಡೇ ಹೋಗಿ, ಕಳ್ದೋದ್ರೆ ನನ್ ಕೇಳ್ಬೇಡಿ."

"ಬುದ್ಧನ್ ಸಿನಿಮಾ ಕಣಪ್ಪ," ಎಂದಳು ಪಕ್ಕದ ಮನೆಯ ಮಾರಮ್ಮ.

ತಪ್ಪು ರುದ್ರಮ್ಮನ ಮಗ ಭೀಮರಾಜನದು. ಅರಸೀಕೆರೆ ಸ್ಟೇಷನ್ನಿನಲ್ಲಿ ಬುಕಿಂಗ್ ಗುಮಾಸ್ತನಾಗಿದ್ದ ಅವನು ಕೇರಿಯಲ್ಲಿ ಭಾನುವಾರದ ಓದು ಬಳಗ ನಡೆಸುತ್ತಿದ್ದ. ನೂರಾರು ಕೋಟಿ ಸುರಿದ ಚೀನಾ ಸಿನಿಮಾ, ಇಂಥದ್ದು ಹಿಂದೆ ಬಂದಿಲ್ಲ ಎಂದು ಪೇಪರು ತಿಂಗಳುಗಟ್ಟಲೆ ಬರೆದಿತ್ತು. ಪೋಸ್ಟರಿನಲ್ಲಿ ಬೆಟ್ಟದೆತ್ತರದ ಚಿನ್ನದ ಬುದ್ಧ, ಅವನ ಪಾದದ ಬಳಿ ಸಂಕೋಲೆ ತೊಟ್ಟ ಜೀತದಾಳು. ಇನ್ನೇನು ಬೇಕು? ಬುದ್ಧ ಜೀತ ಬಿಡಿಸುವ ಕಥೆಯೆಂದು ಭೀಮರಾಜ ಬಳಗದಲ್ಲಿ ಒಂದು ಗಂಟೆ ಮಾತಾಡಿದ.

ಕೇರಿಯಲ್ಲಿ ಅರ್ಧ ಜನ ಬೌದ್ಧರಾಗಿದ್ದರು. ಅವನ ತಾಯಿ ಇನ್ನೂ ಆಗಿರಲಿಲ್ಲ. "ನಿನ್ ಬುದ್ಧ ಜೀತದೋನ್ನ ಎಬ್ಸಿ ನಿಲ್ಸೋದ ಕಣ್ಣಾರೆ ನೋಡ್ತೀನಿ. ಆಮೇಲೆ ಬರೋ ಭಾನ್ವಾರ ದೀಕ್ಷೆ ತಗಂತೀನಿ," ಎಂದಿದ್ದಳು.

ಸಿನಿಮಾ ಹಿಂದಿಗೆ ಡಬ್ ಆಗಿತ್ತು. ಭೀಮರಾಜ ಪಿಸುದನಿಯಲ್ಲಿ ಕನ್ನಡ ಮಾಡುತ್ತಾ ಕೂತ. ಅರ್ಧ ಗಂಟೆಯೊಳಗೆ ಚಿನ್ನದ ಬುದ್ಧ ಬಿರಿದು, ಒಳಗಿಂದ ರೆಕ್ಕೆಯ ರಾಕ್ಷಸಿ ಹಾರಿ ಬಂದಳು. ಆಮೇಲೆ ಬುದ್ಧನ ಸುಳಿವಿಲ್ಲ. ಕತ್ತಿ ಹಾರಿದವು, ದೋಣಿ ಹಾರಿದವು, ರಾಜನೂ ಹಾರಿದ.

"ಇದ್ಯಾಕ್ಲಾ ಭೀಮ, ಇವ್ರಿಗೆ ನಡೆಯಾಕೆ ಕಾಲಿಲ್ವಾ?" ಎಂದಳು ಮಾರಮ್ಮ. ಹಿಂದಿನ ಸಾಲಿನವರು ನಕ್ಕರು.

ರುದ್ರಮ್ಮ ನಗಲಿಲ್ಲ. ಅವಳು ಜೀತದಾಳನ್ನೇ ನೋಡುತ್ತಿದ್ದಳು. ಕೊನೆಗೂ ಅವನ ಸಂಕೋಲೆ ಕಡಿಯಿತು, ಕೈಗೆ ಕತ್ತಿ ಬಂತು. ನೇರ ಸಿಂಹಾಸನದ ಮುಂದೆ ನಡೆದ. ಮಂಡಿಯೂರಿ ಏನೋ ಹೇಳಿದ.

"ಏನಂತಾನ್ಲಾ?"

ಭೀಮರಾಜ ಪರದೆ ನೋಡಿದ. ನೂರಾರು ಕೋಟಿಯಲ್ಲಿ ಒಬ್ಬ ಆಳಿನ ಮಂಡಿ ನೆಟ್ಟಗಾಗಿರಲಿಲ್ಲ. "'ಇನ್ಮೇಲೆ ನಾನು ಯಾರ ಆಳೂ ಅಲ್ಲ' ಅಂತಾನೆ ಅವ್ವ."

"ಸುಳ್ಳು ಹೇಳ್ಬೇಡ." ಅವಳ ದನಿ ಏರಲಿಲ್ಲ. "ನಲವತ್ ವರ್ಷ ನಿಮ್ಮಪ್ಪನ್ ಬೆನ್ನಿಗೆ ಎಣ್ಣೆ ತಿಕ್ಕಿದೀನಿ. ಗೌಡ್ರ ಹಟ್ಟಿ ಮುಂದೆ ಜೀತಕ್ಕೆ ಬಗ್ಗಿ ನಿಂತಿದ್ ಬೆನ್ನು ಅದು. 'ನಾನ್ ನಿಮ್ಮೋನು ಸೋಮಿ' ಅನ್ನೋ ಬೆನ್ನ ಯಾವ್ ಭಾಷೇಲಿದ್ರೂ ನಾನ್ ಗುರ್ತು ಹಿಡೀತೀನಿ."

ಅವಳು ಎದ್ದಳು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಪರದೆಯ ಬೆಳಕಿಗೆ ಹನ್ನೆರಡು ಬಿಳಿ ಸೀರೆಗಳು ಅಡ್ಡ ಹಾದು ಹೋದವು. "ಕೂತ್ಕೊಳ್ರಮ್ಮೋ!" ಎಂದು ಯಾರೋ ಕೂಗಿದರು.

ಹೊರಗೆ ಮಧ್ಯಾಹ್ನದ ಬಿಸಿಲು. ರುದ್ರಮ್ಮ ಟಾಕೀಸಿನ ಮೆಟ್ಟಿಲ ಮೇಲೆ ಕೂತಳು. ಭೀಮರಾಜ ಎರಡು ಮೆಟ್ಟಿಲು ಕೆಳಗೆ ನಿಂತ.

"ಭಾನ್ವಾರ ದೀಕ್ಷೆ ತಗಳ್ವಾಗ ಬುದ್ಧನ್ ಮುಂದೇನೂ ಬಗ್ಬೇಕಾ?"

ಬಳಗದಲ್ಲಿ ಆಡಿದ ಮಾತುಗಳೆಲ್ಲ ಬಾಯಿಗೆ ಬಂದವು. ಭೀಮರಾಜ ಅವನ್ನು ನುಂಗಿಕೊಂಡ.

"ಹೂಂ ಅವ್ವ. ಮೂರ್ ಸಲ."

"ಈಗ ನಿಜ ಹೇಳ್ದೆ." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಬತ್ತೀನಿ. ಬಗ್ಗೋದು ಬಿಡೋದು ನಂಗೆ ಬಿಡು."

ಎದುರಿನ ಕೊಬ್ಬರಿ ಮಂಡಿಯಲ್ಲಿ ಹಮಾಲರು ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ವಯಸ್ಸಾದ ಒಬ್ಬ ಕೊನೆಯ ಮೂಟೆ ಕೆಡವಿ, ಎರಡೂ ಕೈ ಸೊಂಟಕ್ಕೆ ಕೊಟ್ಟು, ನಿಧಾನಕ್ಕೆ ಹಿಂದಕ್ಕೆ ಸೆಟೆದು ನಿಂತ. ರುದ್ರಮ್ಮ ಅವನನ್ನೇ ನೋಡುತ್ತಾ ಕೂತಳು.