ಸಾಕ್ಷಿಯ ಹೆಬ್ಬೆರಳು

ಸಿಂಕಿನ ಮೇಲಿನ ಟ್ಯೂಬ್‌ಲೈಟು ಮತ್ತೆ ಗುಂಯ್‌ಗುಡುತ್ತಿದೆ, ರಿಪೇರಿಯವನಿಗೆ ಹೇಳಬೇಕು, ಹೇಳಿ ಹೇಳಿ ಅವಳ ಬಾಯಿ ನೋಯುತ್ತದೆಯೇ ಹೊರತು ದೀಪ ಸರಿಹೋಗುವುದಿಲ್ಲ — ಔಷಧದ ಕೋಣೆಯಲ್ಲಿ ಅವಳು, ಅಕ್ಕ, ಗೋಡೆಗೆ ಹೊಸದಾಗಿ ಜಡಿದ ಯಂತ್ರ, ಮೂವರೇ. ಅಕ್ಕನೆಂದರೆ ಒಡಹುಟ್ಟಿದವಳಲ್ಲ, ವಾರ್ಡಿನ ಹಿರಿಯ ನರ್ಸು, ದೊಡ್ಡ ಡಾಕ್ಟರಿಗೂ ಅಕ್ಕನೇ. ಅಕ್ಕನ ಕೈಯಲ್ಲಿ ಸಿರಿಂಜು, ಅದರಲ್ಲಿ ಅರ್ಧ ಮಾರ್ಫಿನ್, ಇನ್ನರ್ಧ ಕಿಟಕಿ ಪಕ್ಕದ ಮುದುಕನ ನೋವಿಗೆ ಹೋಯಿತು, ಮಿಕ್ಕ ಈ ಅರ್ಧವನ್ನು ಇಬ್ಬರ ಕಣ್ಣೆದುರು ಸಿಂಕಿಗೆ ಸುರಿಯಬೇಕು, ಸುರಿದದ್ದನ್ನು ಕಂಡವಳು ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು, ಹೊಸ ಕಾನೂನು. ನೀನು ಒತ್ತಿ ಹೋಗೇ, ಆಮೇಲೆ ಸುರೀತೀನಿ, ಡಾಕ್ಟರು ರೌಂಡ್ಸಿಗೆ ಬರ್ತಿದಾರೆ, ಅಕ್ಕನಿಗೆ ಅವಸರ. ಕಾನೂನು ವಿವರಿಸಲು ಬಂದ ಅಧಿಕಾರಿ ಟೈ ಕಟ್ಟಿದ್ದ, ಗೋದಾಮಿನಿಂದ ರೋಗಿಯ ನರದವರೆಗೆ ಒಂದೊಂದು ಹನಿಯ ಜಾಡೂ ಸಿಗಬೇಕು, ತಪ್ಪಿದರೆ ಅದೇ ದಿನ ವರದಿ ಎಂದ, ಹಿಂದಿನ ಸಾಲಿನಲ್ಲಿ ಅಕ್ಕ ಅವಳ ಕಿವಿಯಲ್ಲಿ, ನಮ್ಮೆಜಮಾನ್ರು ಸಂಜೆ ಎಲ್ಲಿಗೆ ಹೋಗ್ತಾರೆ ಅಂತಾನೂ ಈ ಯಂತ್ರ ಹೇಳತ್ತಾ ಕೇಳೇ, ಇಬ್ಬರೂ ಕರವಸ್ತ್ರ ಬಾಯಿಗೊತ್ತಿಕೊಂಡು ನಕ್ಕಿದ್ದರು. ಮೊದಲು ಇದೆಲ್ಲ ಎಲ್ಲಿತ್ತು, ಪಾಳಿ ಮುಗಿಯುವಾಗ ಅಕ್ಕ ಔಷಧದ ಲೆಕ್ಕದ ಪುಸ್ತಕ ಮುಂದಿಡುವಳು, ಅವಳು ಹರಟುತ್ತಲೇ ಸಹಿ ಗೀಚುವಳು, ಸುರಿದದ್ದನ್ನು ಒಮ್ಮೆಯೂ ಕಂಡವಳಲ್ಲ, ಅಕ್ಕನನ್ನು ನಂಬದೆ ಇನ್ಯಾರನ್ನು ನಂಬುವುದು, ಮೊದಲ ಇಂಜೆಕ್ಷನ್ನಿಗೆ ಕೈ ಗಡಗಡ ನಡುಗಿದಾಗ ಅವಳ ಹೆಬ್ಬೆರಳ ಮೇಲೆ ತನ್ನದನ್ನಿಟ್ಟು ಮೆಲ್ಲಗೆ ಒತ್ತಿಸಿದವಳು, ಹಾಗೆ, ಹಾಗೇ, ಅವರಿಗೇನೂ ಆಗಲ್ಲ. ಅಕ್ಕನದು ಉಗುರನ್ನು ಮಾಂಸದವರೆಗೂ ಕತ್ತರಿಸಿದ ಹೆಬ್ಬೆರಳು.

ಹೋದ ವರ್ಷ ರೋಗಿಯನ್ನು ಎತ್ತುವಾಗ ಅಕ್ಕನ ಸೊಂಟ ಹಿಡಿಯಿತು, ನಿಂತರೆ ಕೂರಲಾರಳು, ಕೂತರೆ ಏಳಲಾರಳು, ಆಮೇಲೆ ಒಂದೇ ಸಲಕ್ಕೆ ವಾಸಿ, ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ, ಮಧ್ಯಾಹ್ನವಾದರೆ ಬೆವರು, ಸಿಡಿಮಿಡಿ, ಬಚ್ಚಲಿಗೆ ಹೋಗಿ ಬಂದರೆ ಶಾಂತಸ್ವರೂಪಿ, ಕಣ್ಣಪಾಪೆ ಸಾಸಿವೆ ಕಾಳಿನಷ್ಟು. ಮಾರ್ಫಿನ್ ಚುಚ್ಚಿಕೊಳ್ಳುವವರ ಈ ಲಕ್ಷಣ ನರ್ಸಿಗೆ ಗೊತ್ತಾಗದೆ ಇರುತ್ತದೆಯೇ, ಗೊತ್ತಿತ್ತು, ಕಂಡೂ ಕಾಣದಂತೆ ಇದ್ದಳು, ಅಷ್ಟೇ. ಏನೇ, ಕನಸು ಕಾಣ್ತಿದೀಯಾ, ಒತ್ತು. ಒತ್ತದಿದ್ದರೆ ಈ ಅರ್ಧ ಎಲ್ಲಿ ಹೋಯಿತೆಂದು ಸಂಜೆಯೊಳಗೆ ವರದಿ, ಅಕ್ಕನ ಕೆಲಸ ಹೋಗುತ್ತದೆ — ಒತ್ತಿದರೆ ಅಕ್ಕನೇ ಹೋಗುತ್ತಾಳೆ, ಇವತ್ತಲ್ಲ ನಾಳೆ, ಬಚ್ಚಲ ಬಾಗಿಲು ಒಡೆದು ಎತ್ತಿಕೊಂಡು ಬರಬೇಕಾಗುತ್ತದೆ, ಎತ್ತುವವರಲ್ಲಿ ಅವಳೂ ಇರುತ್ತಾಳೆ, ಸೊಂಟ ಹುಷಾರು ಕಣೇ ಎನ್ನಲು ಯಾರೂ ಇರುವುದಿಲ್ಲ. ಮೊದಲು ಸುರೀರಿ ಅಕ್ಕ, ನೋಡಿ ಒತ್ತುತೀನಿ. ತನ್ನದೇ ದನಿ, ಪಕ್ಕದ ವಾರ್ಡಿನಿಂದ ಬಂದಂತೆ. ಅಕ್ಕ ನಗುತ್ತಾಳೆ, ನನ್ನ ಮೇಲೇ ಗುಮಾನಿಯೇನೇ, ನಗು ಅರ್ಧಕ್ಕೇ ನಿಲ್ಲುತ್ತದೆ. ಸುರೀರಿ ಅಕ್ಕ. ಸೂಜಿ ಸಿಂಕಿನ ಕಡೆ ತಿರುಗುತ್ತದೆ, ಸದ್ಯ, ಇನ್ನೇನು — ಸಿರಿಂಜಿನ ಹಿಂಬದಿಯಲ್ಲಿ ಆ ಹೆಬ್ಬೆರಳು, ಮಾಂಸದವರೆಗೂ ಕತ್ತರಿಸಿದ ಉಗುರು, ಅವಳಿಗೆ ಒತ್ತುವುದನ್ನು ಕಲಿಸಿದ ಹೆಬ್ಬೆರಳು, ನಡುಗುತ್ತಿದೆ, ಒತ್ತುತ್ತಿಲ್ಲ