ಮೀನಿನ ಮೇಲಿನ ನೀರು

ಶನಿವಾರದೊಳಗೆ ಸಮುದ್ರ ಸಿದ್ಧವಾಗಬೇಕಿತ್ತು. ಗುರುವಾರ ಬೆಳಗಾದರೂ ಗೋಡೆಯ ಮೇಲೆ ಇದ್ದದ್ದು ಮೊಳದುದ್ದದ ಒಂದು ಆಮೆ, ಕಾಲು ಮುರಿದ ಒಂದು ಏಡಿ, ಉಳಿದಂತೆ ಬರೀ ಅಂಟಿನ ಕಲೆ. ಅದನ್ನು ನೋಡಿದಾಗಲೆಲ್ಲ ಡ್ರಾಯಿಂಗ್ ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂಬತ್ತು ಮಕ್ಕಳು. ಕಲಿಯುವುದಕ್ಕೆ ಎಲ್ಲರಿಗಿಂತ ಹೆಚ್ಚು ಹೊತ್ತು ಬೇಕಾದವರು, ಮಾತು ಬಾರದವರು, ಮಾತು ನಿಲ್ಲದವರು. ಒಬ್ಬನಿಗೆ ಒದ್ದೆಯಾದ ಯಾವುದನ್ನೂ ಮುಟ್ಟಲಾಗದು, ಪಾಠವೋ ಸಮುದ್ರದ್ದು. ಇನ್ನೊಬ್ಬಳು ಚಿಪ್ಪುಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಒಂದನ್ನು ಅಂಟಿಸಲು ಎತ್ತಿದರೂ ಕೋಣೆ ಹಾರಿಹೋಗುವಂತೆ ಕಿರುಚುತ್ತಾಳೆ. ‘ಗಡಿಯಾರ’ ಎಂದು ಎಲ್ಲರೂ ಕರೆಯುವ ಹುಡುಗ ಎರಡು ನಿಮಿಷಕ್ಕೊಮ್ಮೆ ಗಂಟೆ ಎಷ್ಟು ಎಂದು ಕೇಳುತ್ತಾನೆ, ಹೇಳಿದರೆ ನಂಬುವುದಿಲ್ಲ. ದಿನಕ್ಕೆ ಮೂರು ಸಲ ಬಾಗಿಲಲ್ಲಿ ಇಣುಕುವ ಹೆಡ್‌ಮೇಡಂ, ಶನಿವಾರ ತಂದೆತಾಯಿಗಳೆಲ್ಲ ಬರುತ್ತಾರೆ, ಗೋಡೆ ಖಾಲಿ ಕಾಣಬಾರದು ಎಂದು ನೆನಪಿಸಿ ಹೋಗುತ್ತಾರೆ. ಮರೆಯಲು ಪುರುಸೊತ್ತಾದರೂ ಎಲ್ಲಿತ್ತು ಪಾಪ ಟೀಚರಿಗೆ?

ಇಷ್ಟರ ನಡುವೆ ನಿಜವಾಗಿ ಮೀನು ಬರೆಯುತ್ತಿದ್ದವಳು ಒಬ್ಬಳೇ. ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ವಾರಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವಳ ಮೀನುಗಳಿಗೆ ಜೀವವಿತ್ತು; ಒಂದು ಬಾಲ ಬೀಸಿತೆಂದರೆ ಪಕ್ಕದ್ದು ಓರೆಯಾಗಿ ಸರಿದುಕೊಳ್ಳುತ್ತಿತ್ತು. ಆದರೆ ಎರಡೋ ಮೂರೋ ಮೀನು ಮುಗಿದದ್ದೇ ತಡ, ದೊಡ್ಡ ಬ್ರಷ್ ಎತ್ತಿಕೊಂಡು, ನೀಲಿಗೆ ಕಪ್ಪು ಕಲಸಿ, ಎಲ್ಲದರ ಮೇಲೂ ಬಳಿಯಲು ಶುರು. ಕಪ್ಪು ಬಣ್ಣವನ್ನು ಬಚ್ಚಿಟ್ಟು ನೋಡಿದ್ದಾಯಿತು. ಇದ್ದ ಬಣ್ಣಗಳನ್ನೆಲ್ಲ ಕಲಸಿ ಕೆಸರು ಮಾಡಿಕೊಂಡು ಅದನ್ನೇ ಬಳಿಯತೊಡಗಿದಳು.

ಟೀಚರಿಗೆ ಇದಕ್ಕೊಂದು ವಿದ್ಯೆ ಗೊತ್ತಿತ್ತು. ಇಂಥ ಶಾಲೆಗಳಲ್ಲಿ ಚಿತ್ರ ಕಲಿಸುವವರೆಲ್ಲ ಹಿರಿಯರಿಂದ ಕಲಿಯುವ ವಿದ್ಯೆ: ಚಿತ್ರಕ್ಕೊಂದು ಹದ ಬರುತ್ತದೆ, ಹಾಲು ಉಕ್ಕುವ ಮುಂಚೆ ಇಳಿಸಿದ ಹಾಗೆ ಆ ಗಳಿಗೆಯಲ್ಲಿ ಕಾಗದ ಎಳೆದುಕೊಂಡುಬಿಡಬೇಕು. ಒಂದು ಕ್ಷಣ ತಡವಾದರೆ ಚೆಂದದ್ದೆಲ್ಲ ಕೆಸರು. ಈ ಎಳೆಯುವುದರಲ್ಲಿ ತನ್ನಷ್ಟು ಚುರುಕು ಕೈ ಯಾರಿಗೂ ಇಲ್ಲ ಎಂಬ ಸಣ್ಣ ಜಂಬವೂ ಅವಳಿಗಿತ್ತು. ಹೀಗೆ ಎಳೆದ ಹನ್ನೊಂದು ಕಾಗದ ಮೇಜಿನ ಡ್ರಾಯರಿನಲ್ಲಿ ಭದ್ರವಾಗಿದ್ದವು, ಶನಿವಾರಕ್ಕೆಂದು.

ಎಳೆದಾಗಲೆಲ್ಲ ಹುಡುಗಿ ಅರಚಿ ನೆಲಕ್ಕೆ ಬೀಳುತ್ತಿದ್ದಳು. ಎರಡು ಸಲ ಕಚ್ಚಿದಳು. ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಅವಳಿಗೆ ‘ಮುಂಗುಸಿ’ ಎಂದು ಹೆಸರಿಟ್ಟದ್ದು ಆಗಲೇ. ಕಚ್ಚಿದರೆ ಶಾಲೆಯಲ್ಲೊಂದು ಹಾಳೆ ತುಂಬಬೇಕು. ಅದರಲ್ಲಿ ಮೂರು ಕಲಮು: ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ. ಒಂದು ಪ್ರತಿ ಮನೆಗೆ ಹೋಗುತ್ತದೆ. ಟೀಚರ್ ಎರಡು ಸಲವೂ ಮೊದಲ ಕಲಮಿನಲ್ಲಿ ‘ಏನೂ ಇಲ್ಲ’ ಎಂದು ಬರೆದಿದ್ದಳು. ಮೂರನೇ ಹಾಳೆ ಬಂದರೆ ಮಗು ಆ ವರ್ಷವಿಡೀ ಡ್ರಾಯಿಂಗ್ ಕ್ಲಾಸಿನಿಂದ ಹೊರಗೆ. ವಾರಕ್ಕೆರಡು ದಿನ ಬರುವ ಆ ಒಂದು ಗಂಟೆ ಬಿಟ್ಟರೆ ಹುಡುಗಿ ಎಲ್ಲಿಯೂ ಐದು ನಿಮಿಷ ಕೂತವಳಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಗುರುವಾರ ಮೂಡಿದ ಮೀನುಗಳಂಥವು ಹಿಂದೆಂದೂ ಮೂಡಿರಲಿಲ್ಲ. ಮೂರು ಮೀನು, ಮೂರಕ್ಕೂ ಕಣ್ಣಲ್ಲಿ ಒಂದೊಂದು ತುಂಟತನ. ಹುಡುಗಿಯ ಕೈ ದೊಡ್ಡ ಬ್ರಷ್ಷಿನತ್ತ ಹೋಯಿತು. ಟೀಚರ್ ಎಳೆದಳು. ಹುಡುಗಿ ಕಚ್ಚಿದಳು, ಈ ಸಲ ರಕ್ತ ಬರುವ ಹಾಗೆ.

ಆಯಮ್ಮ ಹುಡುಗಿಯನ್ನು ರೆಟ್ಟೆ ಹಿಡಿದು ಹೊರಗೆ ಕರೆದೊಯ್ದಳು. ಗಡಿಯಾರ ಗಂಟೆ ಕೇಳಿದ. ಟೀಚರ್ ಅವನ ಮೇಲೆ ಹರಿಹಾಯ್ದು, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಏಳು ವರ್ಷದಿಂದ ಈ ಕೆಲಸ, ಬಟ್ಟೆಯೆಲ್ಲ ಬಣ್ಣ, ಕೈಯೆಲ್ಲ ಗಾಯ, ಯಾರಿಗಾಗಿ ಇಷ್ಟೆಲ್ಲ ಎಂದು ಅವಳಿಗೆ ಅಳುವೇ ಬಂದಿತ್ತು.

ಶಾಲೆಯಿಂದ ಫೋನ್ ಹೋಗಿ ಅರ್ಧ ಗಂಟೆಯಲ್ಲಿ ಹುಡುಗಿಯ ಅಮ್ಮ ಬಂದಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ, ತೋಳಿನ ಮೇಲೆ ಹಳೆಯ ಸುಟ್ಟ ಕಲೆಗಳು. ಟೀಚರಿನ ಕೈಯ ಬ್ಯಾಂಡೇಜು ನೋಡಿ ಮೊದಲು ಕ್ಷಮೆ ಕೇಳಿದಳು. ಹೋದ ಎರಡು ಸಲವೂ ಮಗಳಿಗೆ ಚೆನ್ನಾಗಿ ಬೈದದ್ದನ್ನು ಹೇಳಿದಳು. ಸುಮ್ಮಸುಮ್ಮನೆ ಕಚ್ಚುತ್ತಾಳಲ್ಲ ಎಂದು ಒಂದು ಸಲ ಹೊಡೆದದ್ದನ್ನೂ ಹೇಳಿದಳು. ಆಮೇಲೆ ಮೇಜಿನ ಮೇಲಿದ್ದ ಕಾಗದ ಕಣ್ಣಿಗೆ ಬಿತ್ತು.

“ಇದು ಇನ್ನೂ ಮುಗಿದಿಲ್ವಲ್ಲ ಟೀಚರ್.”

“ಮುಗಿದಿದೆ. ಇನ್ನು ಬಿಟ್ರೆ ಹಾಳು ಮಾಡ್ತಾಳೆ. ಅದಕ್ಕೇ ಎಳ್ಕೊಂಡೆ.”

ಅಮ್ಮ ಕಾಗದವನ್ನೂ ಬ್ಯಾಂಡೇಜನ್ನೂ ಒಂದಾದ ಮೇಲೊಂದು ನೋಡಿದಳು.

“ನೀರು ಹಾಕಿಲ್ಲ ಅವಳು,” ಎಂದಳು. “ಹೋದ ವರ್ಷ ಸಮುದ್ರ ತೋರಿಸೋಕೆ ಕರ್ಕೊಂಡು ಹೋಗಿದ್ವಿ. ಮೀನು ಎಲ್ಲಿ, ಮೀನು ಎಲ್ಲಿ ಅಂತ ಒಂದೇ ಹಟ. ನೀರಿನ ಕೆಳಗಿವೆ ಪಾಪು, ನಮಗೆ ಕಾಣಲ್ಲ, ಆದ್ರೆ ಇರ್ತವೆ ಅಂದೆ. ಅವತ್ತಿಂದ ಮನೇಲೂ ಹೀಗೇ. ಮೊದಲು ಮೀನು ಬರೀತಾಳೆ, ಆಮೇಲೆ ಮೇಲೆ ನೀರು ಹಾಕ್ತಾಳೆ. ನೀರು ಹಾಕದೆ ಬಿಟ್ರೆ ಮೀನು ಬದುಕುತ್ತಾ?”

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಟೀಚರ್ ರೇಗಿಯೇ ಕೇಳಿದಳು. ಹಾಳೆಯಲ್ಲಿ ಏನೂ ಇಲ್ಲ ಅಂತ ಇತ್ತಲ್ಲ ಟೀಚರ್, ಕಾಗದ ಎಳೆದಿದ್ದು ನನಗೆ ಹೇಗೆ ಗೊತ್ತಾಗಬೇಕು ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಟೀಚರಿಗೆ ಎಷ್ಟೋ ಸುಲಭವಾಗುತ್ತಿತ್ತು.

ಹುಡುಗಿಯನ್ನು ಒಳಗೆ ಕರೆಸಿದರು. ಟೀಚರ್ ಕಾಗದವನ್ನು ಅವಳ ಮುಂದಿಟ್ಟು, ಬ್ರಷ್ ಪಕ್ಕಕ್ಕಿಟ್ಟು, ಎರಡು ಹೆಜ್ಜೆ ಹಿಂದೆ ನಿಂತಳು. ಹುಡುಗಿ ಅನುಮಾನದಿಂದ ಅವಳ ಕೈಯನ್ನೇ ನೋಡಿ, ಆಮೇಲೆ ನೀಲಿಗೆ ಕಪ್ಪು ಕಲಸಿದಳು. ಮೊದಲ ಮೀನು ಹೋಯಿತು. ಎರಡನೆಯದೂ ಹೋಯಿತು. ತುಂಟಗಣ್ಣಿನ ಮೂರನೆಯದನ್ನು ಹುಡುಗಿ ಬಾಲದಿಂದ ಶುರುಮಾಡಿ ಮೆಲ್ಲಗೆ ಮುಚ್ಚಿದಳು. ಅಂಚುಗಳಲ್ಲೂ ಒಂದಿಷ್ಟೂ ಬಿಳಿ ಬಿಡಲಿಲ್ಲ. ಬ್ರಷ್ ತೊಳೆದಳು, ಒರೆಸಿದಳು, ಡಬ್ಬದಲ್ಲಿ ನಿಲ್ಲಿಸಿದಳು. ಎಂಟು ವಾರದಲ್ಲಿ ಅವಳು ಬ್ರಷ್ ತೊಳೆದದ್ದನ್ನು ಟೀಚರ್ ಒಮ್ಮೆಯೂ ಕಂಡಿರಲಿಲ್ಲ. ಅಲ್ಲಿಯವರೆಗೆ ಬಿಟ್ಟಿದ್ದರೆ ತಾನೆ ಕಾಣಲು?

ಆಮೇಲೆ ಹುಡುಗಿ ಟೀಚರಿನ ಬ್ಯಾಂಡೇಜಿನ ಕೈಯನ್ನೇ ಹಿಡಿದೆಳೆದು, ಅವಳ ಬೆರಳನ್ನು ಆ ಕಪ್ಪುನೀಲಿಯ ಮೇಲೆ ಒಯ್ದಳು.

“ಇಲ್ಲಿ,” ಎಂದಳು. ಕೆಳಗೆ ಸರಿಸಿ, “ಇಲ್ಲಿ.” ಬಲಮೂಲೆಗೆ ಒಯ್ದು, “ಇಲ್ಲಿ.”

ಮೂರೂ ಜಾಗ ಸರಿಯಾಗಿದ್ದವು. ತುಂಟಗಣ್ಣಿನ ಮೀನು ಇದ್ದದ್ದು ಬಲಮೂಲೆಯಲ್ಲೇ.

ಹೆಡ್‌ಮೇಡಂ ಹಾಳೆ ತಂದು ಮೇಜಿನ ಮೇಲಿಟ್ಟರು. ಟೀಚರ್ ಮೊದಲ ಕಲಮಿನಲ್ಲಿ, ‘ಮಗು ಚಿತ್ರ ಮುಗಿಸುವ ಮುಂಚೆ ನಾನು ಕಾಗದ ಎಳೆದೆ’ ಎಂದು ಬರೆದಳು. ಹೀಗೆ ಬರೆದರೆ ಮಗು ಕ್ಲಾಸಿನಲ್ಲೇ ಉಳಿಯುತ್ತೆ, ತಪ್ಪು ನಿಮ್ಮ ತಲೆಗೆ ಬರುತ್ತೆ ಎಂದರು ಮೇಡಂ.

“ಬರಲಿ ಮೇಡಂ. ಹಳೇ ಎರಡು ಹಾಳೇನೂ ಕೊಡಿ.”

ಅವೆರಡರಲ್ಲೂ ‘ಏನೂ ಇಲ್ಲ’ ಎಂಬುದನ್ನು ಹೊಡೆದು ಹಾಕಿ ಅದೇ ಮಾತು ಬರೆದಳು. ಪ್ರತಿಗಳನ್ನು ಅಂಚೆಗೆ ಬಿಡದೆ ಅಮ್ಮನ ಕೈಗೇ ಕೊಟ್ಟಳು. ಅಮ್ಮ ನಿಂತಲ್ಲೇ ಮೂರನ್ನೂ ಓದಿ, ಮಗಳ ತಲೆಯ ಮೇಲೆ ಕೈಯಿಟ್ಟು, ಆ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಶನಿವಾರ ಗೋಡೆಗೆ ಏನು ಹಾಕುತ್ತೀರಿ ಎಂದು ಮೇಡಂ ಕೇಳುತ್ತಲೇ ಇದ್ದರು. ಟೀಚರ್ ಡ್ರಾಯರ್ ಎಳೆದು, ನೀರಿಲ್ಲದೆ ಬಿದ್ದಿದ್ದ ಹನ್ನೊಂದು ಕಾಗದಗಳನ್ನೂ ತಂದು ಹುಡುಗಿಯ ಮುಂದಿಟ್ಟಳು. ಹುಡುಗಿ ಬ್ರಷ್ ಎತ್ತಿಕೊಂಡಳು. ಚೆಂದದ ಮೀನುಗಳು ಒಂದೊಂದಾಗಿ ಮುಳುಗುತ್ತಿದ್ದರೆ ಟೀಚರಿನ ಕೈ ತಾನಾಗಿ ಎರಡು ಸಲ ಮುಂದೆ ಹೋಯಿತು. ಅವಳು ಕುರ್ಚಿ ಎಳೆದುಕೊಂಡು, ಆ ಕೈಯ ಮೇಲೇ ಕೂತಳು.