ಒಂದು ತಪ್ಪು ಬೇಕಾಗಿತ್ತು

"ನನ್ನನ್ನ ಪಾಸು ಮಾಡಬೇಡಿ ಮೇಡಂ," ಎಂದಳು ಅವಳು.

ಗೈಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಂದೆ ಅವಳ ಪ್ರಬಂಧದ ಮೂರು ಪ್ರತಿಗಳಿದ್ದವು. ಹಾಳೆ ಹಾರದಂತೆ ಅವುಗಳ ಮೇಲೆ ಪ್ಲಾಸ್ಟರಿನ ಒಂದು ಪಾದವನ್ನು ಇಟ್ಟಿದ್ದರು. ಆ ಕೋಣೆಯ ತುಂಬ ಪಾದಗಳೇ. ಕಪಾಟಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ. ಬಾಗಿಲು ಬಡಿದುಕೊಳ್ಳದ ಹಾಗೆ ಒತ್ತಾಗಿ ಇಟ್ಟದ್ದೂ ಯಾರದೋ ಹಿಮ್ಮಡಿಯೇ.

"ಇನ್ನೊಂದು ಸಲ ಹೇಳು."

"ತಿದ್ದೋದಿದೆ ಅಂತ ವಾಪಸ್ ಕಳಿಸಿಬಿಡಿ ಮೇಡಂ. ಇನ್ನೊಂದು ಟರ್ಮ್ ಸಿಕ್ಕಿದ್ರೆ ಸಾಕು."

"ಎರಡೂವರೆ ವರ್ಷ ನಾನು ತಿದ್ದು ಅಂದಾಗೆಲ್ಲ ಮುಖ ಊದಿಸ್ಕೊಂಡು ಓಡಾಡಿದೆ. ಈಗ ತಿದ್ದೋದೇನೂ ಇಲ್ಲ ಅಂದ್ರೆ ಅಳ್ತೀಯಲ್ಲೇ."

"ಅಳ್ತಿಲ್ಲ ಮೇಡಂ."

"ಮತ್ತೆ ಆ ಮೂಗು ಯಾಕೆ ಕೆಂಪಾಗಿದೆ?"

ಅವಳು ಬೆಳಿಗ್ಗೆ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಹೋಗಿದ್ದಳು. ಗಾಜಿನ ಕಿಟಕಿಯ ಆಚೆ ಕೂತಿದ್ದ ಹೆಂಗಸು ಒಂದು ಚೀಟಿಯ ಮೇಲೆ ಗೆರೆ ಎಳೆದು ತೋರಿಸಿದ್ದಳು. ಗೈಡ್ ಸಹಿ ಹಾಕಿದ ದಿನಕ್ಕೆ ವಿದ್ಯಾರ್ಥಿಯಾಗಿರುವುದು ಮುಗಿಯುತ್ತದೆ. ಅಲ್ಲಿಂದ ಅರವತ್ತು ದಿನ. ಅಷ್ಟರೊಳಗೆ ಓದಿದ ವಿಷಯಕ್ಕೇ ಸೇರಿದ ಕೆಲಸದ ಪತ್ರ ತಂದು ತೋರಿಸಬೇಕು. ಬೇರೆ ಯಾವ ಕೆಲಸವೂ ನಡೆಯುವುದಿಲ್ಲ.

"ಅರವತ್ತೊಂದನೇ ದಿನ ತಂದ್ರೆ?" ಎಂದು ಅವಳು ಕೇಳಿದ್ದಳು.

"ಅರವತ್ತೊಂದನೇ ದಿನ ನೀವು ಈ ದೇಶದಲ್ಲಿ ಇರಲ್ವಲ್ಲ," ಎಂದಿದ್ದಳು ಆ ಹೆಂಗಸು. ಅದರಲ್ಲಿ ಗದರಿಕೆ ಇರಲಿಲ್ಲ. ಅಂಗಡಿಯವರು ಈ ಅಳತೆಯದು ಮುಗಿದಿದೆ ಎನ್ನುವ ಹಾಗೆ ಹೇಳಿ ಚೀಟಿಯನ್ನು ಕೈಗೆ ಕೊಟ್ಟಳು.

ಅವಳು ಓದಿದ್ದು ಸ್ಪರ್ಶ ಕಳೆದುಕೊಂಡ ಪಾದಗಳ ಬಗ್ಗೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲು ಜೋಮು ಹಿಡಿಯುತ್ತದೆ, ಚಪ್ಪಲಿಯೊಳಗೆ ಕಲ್ಲು ಸೇರಿದರೂ ತಿಳಿಯುವುದಿಲ್ಲ, ಗಾಯ ಒಳಗೊಳಗೇ ಬೆಳೆಯುತ್ತದೆ. ಅಂಥವರ ಶೂ ಒಳಗಿಡಲು ಅವಳೊಂದು ಮೆತ್ತೆ ಮಾಡಿದ್ದಳು. ಆ ಊರಿನಲ್ಲಿ ಇಂಥ ಮೆತ್ತೆ ಹೊಲಿಯುವ ಕಾರ್ಖಾನೆ ಇದ್ದದ್ದು ಒಂದೇ. ಅವಳ ಮೆತ್ತೆ ಅವರಿಗೆ ಹಿಡಿಸಿತ್ತು, ಅವಳೂ ಹಿಡಿಸಿದ್ದಳು. ಆದರೆ ಹೊಸ ಮಶೀನು ಬಂದ ಮೇಲೆಯೇ ಹೊಸ ಆಳು ಎಂದಿದ್ದರು. ಮಶೀನು ಬರುವುದಕ್ಕೆ ಐದು ತಿಂಗಳು. ಅರವತ್ತು ದಿನದೊಳಗೆ ಐದು ತಿಂಗಳನ್ನು ಎಷ್ಟು ಮಡಿಚಿದರೂ ಹಿಡಿಸುವುದಿಲ್ಲ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು.

"ನೋಡಮ್ಮ, ಇಲ್ಲದ ತಪ್ಪನ್ನ ಇದೆ ಅಂತ ನಾನು ಬರೆಯಲ್ಲ. ಮೂವತ್ತು ವರ್ಷದಲ್ಲಿ ಬರೆದಿಲ್ಲ. ನಿಜವಾಗ್ಲೂ ಒಂದು ತಪ್ಪಿದ್ರೆ ತೋರಿಸು, ನಿಂತ ಕಾಲಲ್ಲೇ ವಾಪಸ್ ಕಳಿಸ್ತೀನಿ. ಸೋಮವಾರ ಹತ್ತು ಗಂಟೆಗೆ ಸಹಿ."

"ಅಲ್ಲಿವರೆಗೂ ಹುಡುಕಲಾ ಮೇಡಂ?"

"ಹುಡುಕು. ಸಿಕ್ಕಿದ್ರೆ ನನಗೂ ಹೇಳು. ನನಗಂತೂ ಸಿಕ್ಕಿಲ್ಲ." ಅವಳು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕರೆದರು. "ಏಯ್, ಮೊದಲು ಹೋಗಿ ಊಟ ಮಾಡು."

ಶನಿವಾರ ಬೆಳಿಗ್ಗೆ ಅವಳು ಮಂಚದ ಮೇಲೆ ಪ್ರಬಂಧ ಹರಡಿಕೊಂಡು ಕೂತಳು. ಮನೆಯಲ್ಲಿ ಅವಳ ಜೊತೆ ಇದ್ದವಳು ಆಸ್ಪತ್ರೆಯ ನರ್ಸು, ಅವಳಿಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಇವಳು ಅಕ್ಕ ಎಂದೇ ಕರೆಯುತ್ತಿದ್ದಳು. ಅಕ್ಕನ ಕೋಣೆಯಲ್ಲಿ ಪರದೆಗಳಿದ್ದವು, ಗೋಡೆಗೆ ಕನ್ನಡಿ ಇತ್ತು. ಇವಳ ಕೋಣೆಯಲ್ಲಿ ಎರಡೂವರೆ ವರ್ಷಕ್ಕೆ ಒಂದು ಮೊಳೆಯೂ ಬಿದ್ದಿರಲಿಲ್ಲ. ಸೂಟ್‌ಕೇಸು ಮಂಚದ ಕೆಳಗೆ ಅರ್ಧ ತುಂಬಿಕೊಂಡೇ ಇತ್ತು. ಪೂರ್ತಿ ಖಾಲಿ ಮಾಡಲು ಅವಳಿಗೆ ಎಂದೂ ಧೈರ್ಯ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಚಿತ್ರದ ಸಂಖ್ಯೆ ಅದಲು ಬದಲಾದದ್ದು, ಒಂದು ಇಸವಿ ತಪ್ಪಿದ್ದು, ಎರಡು ಕಡೆ ಅಲ್ಪವಿರಾಮ ಬಿಟ್ಟುಹೋದದ್ದು ಸಿಕ್ಕವು. ಅರ್ಧ ಗಂಟೆಯಲ್ಲಿ ಸರಿಯಾಗುವಂಥವು. ಇಂಥದ್ದಕ್ಕೆ ಯಾರೂ ಒಂದು ಟರ್ಮ್ ಕೊಡುವುದಿಲ್ಲ.

"ಎಲ್ಲರೂ ತಪ್ಪು ಮುಚ್ಚೋಕೆ ಒದ್ದಾಡ್ತಾರೆ, ನೀನು ದುರ್ಬೀನು ಹಾಕ್ಕೊಂಡು ಹುಡುಕ್ತಿದ್ದೀಯ," ಎಂದಳು ಅಕ್ಕ, ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತ. "ನಿನ್ನ ನಮ್ಮತ್ತೆ ಹತ್ರ ಬಿಡಬೇಕಿತ್ತು ಕಣೇ. ನಿಂತಲ್ಲಿ ನಿಂತು ನೂರು ಹುಡುಕಿಕೊಡ್ತಿದ್ರು."

"ನಗಬೇಡ ಅಕ್ಕ. ಸೋಮವಾರಕ್ಕೆ ಇನ್ನೆರಡೇ ದಿನ ಇದೆ."

"ಬರೆದಿರೋದರಲ್ಲಿ ಏನು ಹುಡುಕ್ತೀಯ? ಹತ್ತು ಸಲ ತೊಳೆದ ಪಾತ್ರೆ ಅದು. ಬರೆಯೋಕೆ ಮುಂಚೆ ಇತ್ತಲ್ಲ, ಅದನ್ನ ನೋಡು."

ಅದು ಸರಿ ಅನ್ನಿಸಿತು. ಪ್ರಯೋಗಾಲಯಕ್ಕೆ ಹೋಗಿ ಕಪಾಟಿನಿಂದ ಮೂಲ ಹಾಳೆಗಳ ಎರಡು ಕಟ್ಟು ಇಳಿಸಿದಳು. ಮೂವತ್ತೆರಡು ಜನ ರೋಗಿಗಳು, ಎಲ್ಲರಿಗೂ ಒಂದು ಕಾಲಿನಲ್ಲಿ ಹಳೆಯ ಗಾಯ. ಪ್ರತಿಯೊಬ್ಬರ ಎರಡೂ ಅಂಗಾಲಿಗೆ ನಾಣ್ಯದಗಲದ ಮೂರು ಮೂರು ಬಿಲ್ಲೆ ಅಂಟಿಸುತ್ತಿದ್ದಳು: ಹಿಮ್ಮಡಿ, ಮುಂಗಾಲು, ಹೆಬ್ಬೆರಳು. ಬಿಲ್ಲೆಗಳಿಂದ ಹೊರಟ ತಂತಿಗಳು ಒಂದು ಪೆಟ್ಟಿಗೆಗೆ ಸೇರುತ್ತಿದ್ದವು. ಬಲಗಾಲಿಗೆ ಕೆಂಪು, ಎಡಗಾಲಿಗೆ ಕಪ್ಪು. ಎಲ್ಲಿ ಎಷ್ಟು ಒತ್ತಡ ಬೀಳುತ್ತದೆಂದು ಪೆಟ್ಟಿಗೆ ಅಂಕಿಯಲ್ಲಿ ತೋರಿಸುತ್ತಿತ್ತು. ಮೆತ್ತೆ ಕೊಡುವ ಮೊದಲು ಒಂದು ಸಲ, ಕೊಟ್ಟು ಆರು ವಾರದ ಮೇಲೆ ಇನ್ನೊಂದು ಸಲ. ಗಾಯದ ಕಾಲಿನ ಒತ್ತಡ ಮೂರನೇ ಒಂದು ಭಾಗ ಇಳಿದಿತ್ತು. ಇಡೀ ಪ್ರಬಂಧ ನಿಂತದ್ದು ಅದರ ಮೇಲೆ.

ಹನ್ನೊಂದನೇ ಹಾಳೆ ಟೈಲರ್ ತಾತನದು. ಅವರನ್ನು ಮರೆಯುವ ಹಾಗಿರಲಿಲ್ಲ. "ಬಲಗಾಲಿನ ಹೆಬ್ಬೆರಳನ್ನ ಡಾಕ್ಟರಿಗೆ ದಾನ ಕೊಟ್ಟೆ ಕಣಮ್ಮ, ಹೊಲಿಗೆ ಮಶೀನು ಮಾತ್ರ ಕೊಡಲಿಲ್ಲ," ಎಂದು ನಗಿಸಿದ್ದರು. ಇಲ್ಲದ ಬೆರಳಿನ ಜಾಗಕ್ಕೂ ಅವಳು ಸುಮ್ಮನೆ ಒಂದು ಬಿಲ್ಲೆ ಅಂಟಿಸಿದ್ದಳು. ಮೊದಲ ಸಲದ ಹಾಳೆಯಲ್ಲಿ, ಬಲಗಾಲು, ಹೆಬ್ಬೆರಳು: ಸೊನ್ನೆ.

ಎರಡನೇ ಸಲದ ಹಾಳೆಯಲ್ಲಿ ಸೊನ್ನೆ ಎಡಗಾಲಿನ ಸಾಲಿನಲ್ಲಿತ್ತು.

ಅವಳು ಮೊದಲು ಹಾಳೆ ತಿರುಗಿಸಿ ಹಿಡಿದಿರಬೇಕು ಎಂದುಕೊಂಡಳು. ಆಮೇಲೆ ಎದ್ದು ಪೆಟ್ಟಿಗೆ ತಂದಳು. ಎರಡು ಸುತ್ತಿನ ನಡುವೆ ಹಳೆಯ ಪೆಟ್ಟಿಗೆ ಕೆಟ್ಟು ಹೊಸದು ಬಂದಿತ್ತು. ಹಳೆಯದರಲ್ಲಿ ಬಲಗಾಲಿನ ತಂತಿ ಸಿಕ್ಕಿಸುವ ತೂತು ಬಲಕ್ಕೇ ಇತ್ತು. ಹೊಸದರಲ್ಲಿ ಅದು ಎಡಕ್ಕಿತ್ತು. ಪಕ್ಕದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ಅವಳ ಕೈ ಚುಕ್ಕೆ ನೋಡಿರಲಿಲ್ಲ, ಅಭ್ಯಾಸವಾದ ಜಾಗಕ್ಕೆ ಹೋಗಿತ್ತು. ಮೂವತ್ತೆರಡು ಸಲ.

ಒತ್ತಡ ಇಳಿದೇ ಇರಲಿಲ್ಲ. ಮೊದಲು ಗಾಯದ ಕಾಲನ್ನು ಅಳೆದು, ಆಮೇಲೆ ಚೆನ್ನಾಗಿರುವ ಕಾಲನ್ನು ಅಳೆದು, ನೋಡಿ ಎಷ್ಟು ಕಡಿಮೆಯಾಯಿತು ಎಂದಿದ್ದಳು. ಹಾಳೆಯ ಹಿಂದೆ ಪೆನ್ಸಿಲಿನಿಂದ ಸಾಲುಗಳನ್ನು ಸರಿಯಾಗಿ ಜೋಡಿಸಿ ಲೆಕ್ಕ ಹಾಕಿದಳು. ಮೆತ್ತೆ ಇಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಚೆನ್ನಾಗಿದ್ದ ಕಾಲಿನಲ್ಲಿ ಒತ್ತಡ ಯಾಕೆ ಏರಿತು ಎಂಬುದಕ್ಕೆ ನಾಲ್ಕನೇ ಅಧ್ಯಾಯದಲ್ಲಿ ಎರಡು ಪುಟ ಬರೆದಿದ್ದಳು. ಮೇಡಂ ಆ ಎರಡು ಪುಟದ ಅಂಚಿನಲ್ಲಿ 'ಸೊಗಸಾಗಿದೆ' ಎಂದು ಗುರುತು ಹಾಕಿದ್ದರು.

ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಫೋನು ಹೊಡೆದುಕೊಂಡಾಗ ಅದನ್ನೇ ಹೇಳಲು ಬಾಯಿ ತೆರೆದಳು.

"ನಿನ್ನ ಆ ಮುಖ ನೋಡಿದ ಮೇಲೆ ನನಗೆ ಸಮಾಧಾನವೇ ಇರಲಿಲ್ಲ ಕಣೇ," ಎಂದರು ಮೇಡಂ, ಹಲೋ ಕೂಡ ಇಲ್ಲದೆ. "ಕಾರ್ಖಾನೆ ಯಜಮಾನರಿಗೆ ಫೋನ್ ಮಾಡಿದ್ದೆ. ಒಪ್ಪಿದ್ದಾರೆ! ಮಶೀನು ಬರೋ ತನಕ ಕೈಯಲ್ಲೇ ಹೊಲಿಸ್ತಾರಂತೆ. ನಿನ್ನದೇ ಮೆತ್ತೆ. ನಾನೇ ಅಂದೆ, ಈ ಹುಡುಗಿಗೆ ನಾನು ಜವಾಬ್ದಾರಿ ಅಂತ. ಸೋಮವಾರ ನಾನು ಸಹಿ ಹಾಕಿದ ಗಂಟೆಯಲ್ಲಿ ಪತ್ರ ಕಳಿಸ್ತಾರೆ."

ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಅದು ಉರುಳದಂತೆ ಬೆರಳು ಒತ್ತಿ ಹಿಡಿದಳು.

"ಲೈನಲ್ಲಿದ್ದೀಯೇನೇ?"

"ಇದ್ದೀನಿ ಮೇಡಂ."

"ತಪ್ಪು ಸಿಕ್ತಾ?" ಮೇಡಂ ನಕ್ಕರು.

"ಹುಡುಕ್ತಾ ಇದ್ದೆ."

"ಸಾಕು ನಿಲ್ಸು. ಇನ್ನು ಯಾಕೆ ಹುಡುಕ್ತೀಯ?"

ಭಾನುವಾರ ಬೆಳಿಗ್ಗೆ ಊರಿನಿಂದ ಅಣ್ಣ ಮಾತಾಡಿದ. ಅಪ್ಪನ ಚಪ್ಪಲಿ ಅಂಗಡಿ ಈಗ ಅವನದು. "ಕೆಲಸ ಸಿಗದಿದ್ರೆ ಬಾರೇ, ಗಲ್ಲಾ ಮೇಲೆ ಕೂರೋಕೆ ಮನೆಯವರೇ ಬೇಕು," ಎಂದ. ಪ್ರೀತಿಯಿಂದಲೇ ಹೇಳಿದ. "ನಿನ್ನ ರೂಮಲ್ಲಿ ಸ್ಟಾಕ್ ಇಟ್ಟಿದ್ದೀವಿ. ನೀನು ಬಂದ್ರೆ ಅರ್ಧ ತೆಗೆಸ್ತೀನಿ." ಅರ್ಧ ತೆಗೆದ ಕೋಣೆ ಅವಳ ಕಣ್ಣಿಗೆ ಕಟ್ಟಿತು. ಗೋಡೆಯುದ್ದಕ್ಕೂ ರಟ್ಟಿನ ಡಬ್ಬಗಳು, ನಡುವೆ ಮಂಚ.

ಅವಳು ಎಷ್ಟು ಬಗೆಯಲ್ಲಿ ಯೋಚಿಸಿದರೂ ದಾರಿ ಅದೇ ಎರಡು. ತಪ್ಪು ತೋರಿಸಿದರೆ ಒಂದು ಟರ್ಮ್ ಸಿಗುತ್ತದೆ. ಆದರೆ ಕೆಲಸ ಮಾಡದ ಮೆತ್ತೆ ಯಾವ ಕಾರ್ಖಾನೆಗೂ ಬೇಡ, ಅದನ್ನು ಮಾಡಿದವಳೂ ಬೇಡ. ಟರ್ಮ್ ಮುಗಿದ ದಿನ ಮತ್ತೆ ಅದೇ ಅರವತ್ತು ದಿನ, ಕೈ ಖಾಲಿ. ಕಾದಿರುವುದು ಡಬ್ಬಗಳ ಕೋಣೆ. ತೋರಿಸದಿದ್ದರೆ ನಾಳೆ ಸಹಿ, ಸಹಿಯ ಜೊತೆಗೇ ಪತ್ರ. ಮೇಡಂ ನೋಡಿಲ್ಲ, ಪರೀಕ್ಷಕರು ನೋಡಿಲ್ಲ. ಮೂಲ ಹಾಳೆಗಳನ್ನು ಯಾರು ಬಿಚ್ಚುತ್ತಾರೆ? ಒಂದು ಸೊನ್ನೆ, ಅಷ್ಟೇ. ಮೆತ್ತೆ ಒಳ್ಳೆಯದು ಮಾಡುವುದಿಲ್ಲ, ನಿಜ. ಕೆಟ್ಟದ್ದನ್ನೂ ಮಾಡುವುದಿಲ್ಲವಲ್ಲ.

ಕೊನೆಯ ಈ ಮಾತನ್ನು ಹಿಡಿದುಕೊಂಡೇ ಅವಳು ಮಧ್ಯಾಹ್ನ ಟೈಲರ್ ತಾತನ ಅಂಗಡಿಗೆ ಹೋದಳು. ಬಸ್ ನಿಲ್ದಾಣದ ಹಿಂದಿನ ಬೀದಿ, ಮಹಡಿ ಮೆಟ್ಟಿಲ ಕೆಳಗಿನ ಒಂದು ಗೂಡು. ತಾತ ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದರು.

"ಓಹೋ, ಪಾದದ ಡಾಕ್ಟರು! ಬಾಮ್ಮ. ಈ ಪ್ಯಾಂಟಿನವರನ್ನ ನೋಡು, ಪ್ರತಿ ವರ್ಷ ಎರಡು ಇಂಚು ಬಿಚ್ಚಿಸ್ತಾರೆ, ನಿನ್ನ ಹೊಲಿಗೆ ಮಶೀನೇ ಕುಗ್ಗಿಸ್ತು ಅಂತ ನನ್ನ ಬೈತಾರೆ."

"ಕಾಲು ಹೇಗಿದೆ ತಾತ?"

"ನನಗೇನು ಗೊತ್ತು? ನಂದು ಅನ್ನೋಕೆ ಅದು ಕಣ್ಣಿಗೆ ಕಾಣುತ್ತೆ ಅಷ್ಟೇ. ನಿನ್ನ ಯಂತ್ರ ಏನು ಹೇಳುತ್ತೋ ಅದೇ ನಿಜ." ದಾರ ಕಚ್ಚಿ ತುಂಡು ಮಾಡಿದರು. "ಮುಂಚೆ ದಿನಕ್ಕೆರಡು ಸಲ ಶೂ ಬಿಚ್ಚಿ, ಕೆಳಗೆ ಕನ್ನಡಿ ಹಿಡಿದು ಅಂಗಾಲು ನೋಡ್ಕೋತಿದ್ದೆ. ನೀನು ಮೆತ್ತೆ ಕೊಟ್ಟ ಮೇಲೆ ಆ ಕಾಟ ತಪ್ತು. ಕನ್ನಡಿ ಮೊಮ್ಮಗಳು ತಗೊಂಡು ಹೋದ್ಲು."

"ಒಂದು ಸಲ ನೋಡಲಾ?"

ಅವಳೇ ನೆಲದ ಮೇಲೆ ಕೂತು ಬಲಗಾಲಿನ ಶೂ ಲೇಸು ಬಿಚ್ಚಿದಳು. ಮುಂಗಾಲಿನ ಕೆಳಗೆ, ಹಳೆಯ ಗಾಯದ ಅಂಚಿನಲ್ಲಿ, ಉಗುರಿನಷ್ಟು ಅಗಲಕ್ಕೆ ಚರ್ಮ ಕೆಂಪಾಗಿ ಬಿರುಸಾಗಿತ್ತು. ಹೆಬ್ಬೆರಳಿನಿಂದ ಒತ್ತಿದಳು. ತಾತ ಮೇಲೆ ಕೂತು ಸೊಂಟದ ಪಟ್ಟಿಗೆ ಗುಂಡುಸೂಜಿ ಚುಚ್ಚುತ್ತಿದ್ದರು. ಅವಳು ಒತ್ತುತ್ತಿರುವುದು ಅವರಿಗೆ ತಿಳಿಯಲಿಲ್ಲ.

"ನಾಳೆಯೇ ಆಸ್ಪತ್ರೆಗೆ ಹೋಗಿ ತಾತ. ಈ ಮೆತ್ತೆ ನಾನು ತಗೊಂಡು ಹೋಗ್ತೀನಿ."

"ಯಾಕಮ್ಮ, ಬೇರೆ ಕೊಡ್ತೀಯಾ?"

"ಇಲ್ಲ. ನೀವು ಕನ್ನಡಿ ವಾಪಸ್ ಇಸ್ಕೊಳ್ಳಿ."

ಸೋಮವಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ಮೇಡಂ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಪ್ಲಾಸ್ಟರಿನ ಪಾದ ಪಕ್ಕಕ್ಕೆ ಸರಿದಿತ್ತು. ಅವಳು ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಅದರ ತೆರೆಯನ್ನು ಮೇಡಂ ಕಡೆ ತಿರುಗಿಸಿದಳು.

"ಇದೇನೇ, ಅಂಗಡಿ ಎತ್ಕೊಂಡು ಬಂದಿದ್ದೀಯ?"

"ಚಪ್ಪಲಿ ಬಿಡ್ತೀರಾ ಮೇಡಂ? ಎರಡೇ ನಿಮಿಷ."

"ಸಹಿಗೆ ಕೈ ಸಾಕಲ್ವಾ? ಕಾಲೂ ಬೇಕಾ?" ಎಂದರೂ ಮೇಡಂ ಎದ್ದು ನಿಂತರು. ಅವರಿಗೆ ಸಂತೋಷವಾಗಿತ್ತು. "ಕೆಲಸ ಸಿಕ್ಕಿದ ದಿನ ನಿನ್ನ ಮೊದಲ ರೋಗಿ ನಾನೇ ಅನ್ನು."

ಅವಳು ಮಂಡಿಯೂರಿ ಆರು ಬಿಲ್ಲೆಗಳನ್ನೂ ಅಂಟಿಸಿದಳು. ಬಲಗಾಲಿನಿಂದ ಕೆಂಪು ತಂತಿ, ಎಡಗಾಲಿನಿಂದ ಕಪ್ಪು. ಕೈ ಎಂದಿನಂತೆ ಹೋಗಲಿ ಎಂದು ಬಿಟ್ಟಳು. ಅದು ತನ್ನ ಜಾಗಗಳನ್ನು ತಾನೇ ಹುಡುಕಿಕೊಂಡಿತು. ತೆರೆಯ ಮೇಲೆ ಎರಡು ಸಾಲು ಅಂಕಿಗಳು ಮೂಡಿ ನಿಂತವು.

"ಬಲಗಾಲು ಎತ್ತಿ ಮೇಡಂ."

ಮೇಡಂ ಮೇಜಿನ ಅಂಚು ಹಿಡಿದು, ನಗುತ್ತ, ಕೊಕ್ಕರೆಯ ಹಾಗೆ ಬಲಗಾಲು ಎತ್ತಿದರು. ಎಡಗಾಲಿನ ಸಾಲಿನಲ್ಲಿ ಹಿಮ್ಮಡಿ ಸೊನ್ನೆಯಾಯಿತು. ಮುಂಗಾಲು ಸೊನ್ನೆಯಾಯಿತು. ಹೆಬ್ಬೆರಳು ಸೊನ್ನೆಯಾಯಿತು.

"ಎತ್ತಿದ್ದೀನಲ್ಲೇ," ಎಂದರು ಮೇಡಂ, ತೆರೆ ನೋಡುತ್ತ. ಆಮೇಲೆ ತಮ್ಮ ಕಾಲು ನೋಡಿಕೊಂಡರು. "ಬಲಗಾಲೇ ಎತ್ತಿದ್ದೀನಿ."

"ಹೌದು ಮೇಡಂ. ಎರಡನೇ ಸಲದ ಅಳತೆ ಮೂವತ್ತೆರಡು ಜನರದ್ದೂ ಹೀಗೇ ಆಗಿದೆ."

ಮೇಡಂ ಕಾಲು ಇಳಿಸಲಿಲ್ಲ. ನೆಲದಿಂದ ಗೇಣು ಮೇಲೆ ಅವರ ಪಾದ ಹಾಗೇ ನಿಂತಿತ್ತು, ಕೆಳಗೆ ಕೆಂಪು ತಂತಿ ಸಣ್ಣಗೆ ತೂಗಾಡುತ್ತಿತ್ತು.